ಏಳನೆಯ ಹಲ್ಲು

ಸೆಪ್ಟೆಂಬರ್ 5, ಶುಕ್ರವಾರ

ಇಂದು ಖಲೀಲ ಮನೆಗೆ ಬಂದಿದ್ದ. ಇಳಕಲ್ ಬಸ್ ಸ್ಟ್ಯಾಂಡಿನ ಹತ್ತಿರ ಅವನ ಸೀರೆ ಅಂಗಡಿ. ಅವನ ತಂದೆಯ ಕಾಲದಿಂದ ನಮ್ಮ ಮಗ್ಗದ ಸೀರೆಗಳೆಲ್ಲ ಅಲ್ಲಿಗೇ ಹೋಗುತ್ತಿದ್ದವು. ನಾನು ಮಗ್ಗ ಬಿಟ್ಟು ಎಂಟು ವರ್ಷವಾಯಿತು. ಕೆಲಸವಿಲ್ಲದೆ ಅವನು ಈ ಓಣಿಗೆ ಬರುವವನಲ್ಲ. ಚಹಾ ಬೇಡ ಎಂದ. ಅಲ್ಲಿಗೇ ನನ್ನ ಕಿವಿ ನೆಟ್ಟಗಾಯಿತು.

ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ. ಉದ್ದ ಕೂದಲಿನ, ಗಡ್ಡದ ಬಿಳಿಯ ಮನುಷ್ಯ. ಕೊರಳಿಗೆ ಗಿಟಾರು. ಹೆಗಲ ಮೇಲೆ ಇಳಕಲ್ ಸೀರೆ, ಕಂಬಳಿ ಹೊದ್ದಂತೆ ಹೊದ್ದಿದ್ದಾನೆ, ಸೆರಗು ಎದೆಯ ಮೇಲೆ ಬಿದ್ದಿದೆ.

"ಇಂಗ್ಲೆಂಡದಾಗ ಐರನ್ ಶಟಲ್ ಅಂತ ಒಂದು ಬ್ಯಾಂಡ್ ಇತ್ತಂತ್ರಿ ಕಾಕಾ" ಎಂದ ಖಲೀಲ. "ಹಾರ್ಡ್ ರಾಕ್ ಅಂತಾರ. ಇಂವಾ ಅದರಾಗ ಗಿಟಾರ ಬಾರಸಾಂವ, ನಾರ್ಮನ್. ಸತ್ತು ಹೋಗ್ಯಾನ. ಈಗ ಅವನ ಮಗಳು ರೂತ್ ಅನ್ನಾಕಿ ಆ ಬ್ಯಾಂಡ್ ಹುಟ್ಟಿದಾಗಿಂದ ಮುಗಿಯೂತನಾ ಪೂರಾ ಕಥಿ ಪುಸ್ತಕ ಮಾಡಾಕತ್ತಾಳ. ಈ ಸೀರಿ ನೇದವರ ಹೆಸರು ಬೇಕಂತ. ಸೀರಿಗೆ ನಮ್ಮ ಅಂಗಡಿ ಚೀಟಿ ಇನ್ನೂ ಅಂಟಿಕೊಂಡೈತಂತ ನೋಡ್ರಿ."

ಅಕ್ಟೋಬರ್ ಹತ್ತಕ್ಕೆ ಪುಸ್ತಕ ಅಚ್ಚಿಗೆ ಹೋಗುತ್ತದಂತೆ. ಅಷ್ಟರೊಳಗೆ ಒಂದು ಹೆಸರು ಬೇಕು.

ಹೆಸರು ಕೇಳಿಕೊಂಡು ಇಂಗ್ಲೆಂಡಿನಿಂದ ಯಾರಾದರೂ ಬರುತ್ತಾರೆಯೇ? ಸೀರೆಯ ನಮೂನೆ ಕದಿಯುವ ಹೊಸ ದಾರಿ ಇದ್ದೀತು. ಅಥವಾ ಖಲೀಲ ತನ್ನ ತಂದೆಯ ಹೆಸರು ತೂರಿಸುವವನಿದ್ದು, ಮೊದಲು ನನ್ನ ಬಾಯಿ ನೋಡಿಹೋಗಲು ಬಂದಿರಬೇಕು. ನೇಕಾರರ ಸೊಸೈಟಿಗೆ ಹದಿನೆಂಟು ವರ್ಷ ಕಾರ್ಯದರ್ಶಿಯಾಗಿದ್ದವನು ನಾನು. ಸಂಶಯ ಪಡುವುದಕ್ಕೇ ಅಲ್ಲಿ ನನ್ನನ್ನು ಕೂರಿಸಿದ್ದರು. ಫೋಟೋ ನನಗೂ ಕಳಿಸು, ನೋಡಿ ಹೇಳುತ್ತೇನೆ ಎಂದೆ.

ಮನೆಯವಳು ಒಳಗೆ ಜೋಳ ಹಸನು ಮಾಡುತ್ತಿದ್ದಳು. ಇಷ್ಟು ಮಾತು ನಡೆದರೂ ಏನು ಎತ್ತ ಎಂದು ಕೇಳಲಿಲ್ಲ. ಇದೂ ಬರೆದಿಡುವಂಥದ್ದೇ.

ಸೆಪ್ಟೆಂಬರ್ 6, ಶನಿವಾರ

ಬೆಳಗ್ಗೆ ಭೂತಗನ್ನಡಿ ಹಿಡಿದು ಫೋಟೋ ನೋಡಿದೆ. ಗಾಜು ಒರೆಸಿ ಮತ್ತೆ ನೋಡಿದೆ.

ನಮ್ಮ ಸೆರಗಿನಲ್ಲಿ ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿ ಸಾಲು. ಬಿಳಿ ಸಾಲಿನಲ್ಲಿ ಬಾಚಣಿಕೆಯ ಹಲ್ಲಿನಂಥ ಮೊನೆಗಳು, ಎಲ್ಲವೂ ಮೇಲ್ಮುಖ. ಈ ಫೋಟೋದಲ್ಲಿ ಮೊದಲ ಸಾಲಿನ ಎಡದಿಂದ ಏಳನೆಯ ಹಲ್ಲು ಕೆಳಮುಖವಾಗಿದೆ.

ಅದು ನನ್ನ ತಪ್ಪು. 1976ರಲ್ಲಿ, ಮದುವೆಗೆ ಹದಿನೈದು ದಿನವಿದ್ದಾಗ, ಹೆಣ್ಣಿಗೆಂದು ನಾನೇ ಹಾಸಿನ ಉದ್ದೆಳೆ ಕೂಡಿಸಿ, ನಾನೇ ಸೀರೆ ನೇಯ್ದೆ. ಇಪ್ಪತ್ತೆರಡರ ಹುಡುಗ, ಗಮನ ಎಲ್ಲೋ ಇತ್ತು. ನಾಲ್ಕು ಬೆರಳು ಮುಂದೆ ಹೋದ ಮೇಲೆ ಕಂಡಿತು. ಬಿಚ್ಚಲು ಮನಸ್ಸಾಗಲಿಲ್ಲ. ಅಪ್ಪನಿಗೆ ಹೇಳಲಿಲ್ಲ, ಅವ್ವನಿಗೆ ಹೇಳಲಿಲ್ಲ, ಹೆಂಡತಿಗಂತೂ ಹೇಳುವ ಮಾತೇ ಇಲ್ಲ. ಏಳನೆಯ ಹಲ್ಲು ತಿರುಗಿದ ಸೀರೆ ಈ ಭೂಮಿಯ ಮೇಲೆ ಒಂದೇ. ಅದು ನನ್ನ ಮನೆಯವಳ ಮದುವೆ ಸೀರೆ. ಅದು ಈ ಗಡ್ಡದವನ ಹೆಗಲಿಗೆ ಹೇಗೆ ಹೋಯಿತು?

ಅವಳು ಅದನ್ನು ಉಟ್ಟದ್ದು ನನಗೆ ನೆನಪಿರುವುದು ಮಗಳ ತೊಟ್ಟಿಲ ಕಾರ್ಯದಲ್ಲಿ, 1977ರಲ್ಲಿ. ಆಮೇಲೆ ಇಲ್ಲ.

ಒಂದು ಮಾತು ಒಪ್ಪಬೇಕು. ಕೆಲಸ ಮಾತ್ರ ಸೊಗಸು. ಅಂಚು ಗೆರೆ ಎಳೆದಂತಿದೆ. ಸೀರೆಯ ಒಡಲಿಗೆ ಸೆರಗಿನ ಹಾಸು ಕೂಡಿಸಿದ ಕಡೆ ಒಂದು ಗಂಟೂ ಕಾಣುವುದಿಲ್ಲ. ನನ್ನ ಕೈ ಆಗ ಇಷ್ಟು ಚಂದ ಇತ್ತು ಎಂಬುದು ನನಗೇ ಮರೆತುಹೋಗಿತ್ತು.

ಸೆಪ್ಟೆಂಬರ್ 7, ರವಿವಾರ

ಮೊಮ್ಮಗಳು ಸುಶ್ಮಿತಾ ಬಾಗಲಕೋಟೆಯಿಂದ ಬಂದಳು. ಅಲ್ಲಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ರೂತ್ ಕಳಿಸಿದ ಪುಸ್ತಕದ ಮೊದಲ ಭಾಗವನ್ನು ಮೊಬೈಲಿನಲ್ಲಿ ನೋಡಿ ಕನ್ನಡದಲ್ಲಿ ಹೇಳಿದಳು. ಎಲ್ಲಿ ಕಳ್ಳದಾರಿ ಇದೆಯೋ ಎಂದು ನಾನು ಗಮನವಿಟ್ಟು ಕೇಳಿದೆ.

ಲ್ಯಾಂಕಶೈರ್ ಎಂಬ ಸೀಮೆ. ಊರ ತುಂಬ ಬಟ್ಟೆ ಗಿರಣಿ. ನಾರ್ಮನ್ ಮತ್ತು ಕ್ಲೈವ್ ಒಂದೇ ಓಣಿಯ ಹುಡುಗರು. 1968ರಲ್ಲಿ ಒಂದೊಂದೇ ಗಿರಣಿ ಮುಚ್ಚಿದಾಗ, ಖಾಲಿ ಗೋದಾಮಿನಲ್ಲಿ ಇಬ್ಬರೂ ಇನ್ನಿಬ್ಬರನ್ನು ಕೂಡಿಸಿಕೊಂಡು ಬಾರಿಸತೊಡಗಿದರು. ಅಲ್ಲಿ ಬಿದ್ದಿದ್ದ, ಮಗ್ಗದಲ್ಲಿ ನೂಲು ಹಾಯಿಸುವ ಲಾಳಿಯೊಂದನ್ನು ನೋಡಿ ಐರನ್ ಶಟಲ್, ಅಂದರೆ ಕಬ್ಬಿಣದ ಲಾಳಿ, ಎಂದು ಹೆಸರಿಟ್ಟರು. ಮೂರು ವರ್ಷ ಯಾರೂ ಕೇಳಲಿಲ್ಲ. 1971ರಲ್ಲಿ ಒಂದು ಹಾಡಿಗೆ ದೇಶವೇ ಎದ್ದು ಕುಣಿಯಿತು. ಅದರ ಮೊದಲಿಗೆ ಬರುವ ಒಂದು ಸಣ್ಣ ಧಾಟಿಯೇ ಇಡೀ ಬ್ಯಾಂಡಿಗೆ ಅನ್ನ ಹಾಕಿತಂತೆ. ಗ್ರಾಮಫೋನ್ ತಟ್ಟೆಯ ಮೇಲೆ ಬರೆದದ್ದು: ರಚನೆ, ಕ್ಲೈವ್.

"ಖರೆ ಅಂದ್ರ ಅದನ್ನ ಮಾಡಿದ್ದು ನಾರ್ಮನ್ ಅಂತ ಅಜ್ಜಾ" ಎಂದಳು ಸುಶ್ಮಿತಾ. "ಅವರವ್ವ ಗಿರಣ್ಯಾಗ ಮಗ್ಗದ ಮುಂದ ನಿಲ್ತಿದ್ಲಂತ. ಆ ಮಗ್ಗದ ಸಪ್ಪಳ ಕೇಳಿ ಕೇಳಿ ಧಾಟಿ ಹುಟ್ಟಿತಂತ."

"ಹೆಂಗಸರು ನೇಯ್ತಿದ್ರೇನು ಅಲ್ಲೆ?"

"ಹೆಂಗಸರ ಹೆಚ್ಚ ಇದ್ರಂತ."

ನಂಬುವುದು ಕಷ್ಟ. ನಮ್ಮ ಮನೆಯಲ್ಲಿ ಹೆಂಗಸರು ನೂಲು ಸುತ್ತುತ್ತಾರೆ, ಹಾಸು ಕೂಡಿಸುತ್ತಾರೆ. ಮಗ್ಗದ ಕುಣಿಯೊಳಗೆ ಕಾಲು ಬಿಟ್ಟು ಕೂರುವುದು ಗಂಡಸರು. ಅಪ್ಪ ಹಾಕಿದ ಕಟ್ಟಳೆ ಅದು.

ಹಾಡನ್ನೂ ಹಚ್ಚಿದಳು. ಗ್ರಾನೈಟ್ ಕೊಯ್ಯುವ ಮಷೀನಿನ ಪಕ್ಕದಲ್ಲಿ ಯಾರೋ ಜಗಳವಾಡಿದಂತಿತ್ತು. ಬಂದ್ ಮಾಡು ಎನ್ನಬೇಕೆಂದು ತಿರುಗಿದರೆ ಮನೆಯವಳು ಹೊರಸಿನ ಮೇಲೆ ಕೂತು ಕೇಳುತ್ತಿದ್ದಾಳೆ. ಅವಳ ಪಾದಗಳು ನೆಲದ ಮೇಲೆ ಒಂದಾದ ಮೇಲೊಂದು ಒತ್ತುತ್ತಿವೆ, ಧಾಟಿಗೆ ಸರಿಯಾಗಿ. ನನ್ನನ್ನು ನೋಡಿದೊಡನೆ ನಿಲ್ಲಿಸಿದಳು.

ಒಮ್ಮೆ ಕೇಳಿದ ಹಾಡಿಗೆ ಯಾರ ಕಾಲೂ ಹಾಗೆ ಹೊಂದುವುದಿಲ್ಲ. ಅವಳು ಇದನ್ನು ಹಿಂದೆ ಕೇಳಿದ್ದಾಳೆ. ಎಲ್ಲಿ? ಯಾರ ಬಾಯಿಂದ?

ಸೆಪ್ಟೆಂಬರ್ 10, ಬುಧವಾರ

ನೇರವಾಗಿ ಕೇಳಿಬಿಟ್ಟೆ.

"ನಿನ್ನ ಮದಿವಿ ಸೀರಿ ಎಲ್ಲೈತಿ?"

"ಟ್ರಂಕಿನ್ಯಾಗ."

"ತೆಗಿ, ಒಂದೀಟು ನೋಡೂನು."

"ಯಾಕ್ರಿ?"

"ಸುಮ್ಮ."

"ಸುಮ್ಮ ಯಾರೂ ಸೀರಿ ತೆಗಸೂದಿಲ್ಲ. ನಲವತ್ತೊಂಬತ್ತು ವರ್ಷ ನಿಮ್ಮ ಕೂಡ ಬಾಳೇವು ಮಾಡೇನಿ. ಈಗ ಟ್ರಂಕು ತೆಗೆದು ಝಡತಿ ಕೊಡಬೇಕೇನು?"

ಇಷ್ಟು ಹೇಳಿ ರೊಟ್ಟಿ ತಟ್ಟಲು ಹೋದಳು. ಟ್ರಂಕಿನ ಬೀಗದ ಕೈ ಅವಳ ಸೊಂಟದಲ್ಲೇ ಇದೆ. ಇದ್ದರೆ ತೋರಿಸಲು ಏನು ಕಷ್ಟ?

ಸೆಪ್ಟೆಂಬರ್ 14, ರವಿವಾರ

ರೂತ್‌ಳ ಜೊತೆ ವಿಡಿಯೋದಲ್ಲಿ ಮಾತಾಯಿತು. ಐವತ್ತು ದಾಟಿದ ಹೆಂಗಸು, ಶಾಲೆಯಲ್ಲಿ ಸಂಗೀತ ಕಲಿಸುತ್ತಾಳಂತೆ. ಸುಶ್ಮಿತಾ ನಡುವೆ ಕೂತು ಅತ್ತ ಇತ್ತ ಹೇಳಿದಳು.

ಅವಳು ಹೇಳಿದ್ದು ಹೀಗೆ. ಅಮೆರಿಕದ ತನಕ ಹೆಸರಾದ ಮೇಲೆ ಬ್ಯಾಂಡಿನಲ್ಲಿ ಬಿರುಕು ಬಿತ್ತು. ಧಾಟಿಗೆ ತನ್ನ ಹೆಸರೂ ಹಾಕು ಎಂದು ನಾರ್ಮನ್ ಕೇಳಿದ, ಕ್ಲೈವ್ ನಕ್ಕುಬಿಟ್ಟ. 1977ರಲ್ಲಿ ನಾರ್ಮನ್ ಗಿಟಾರು ಅಲ್ಲೇ ಇಟ್ಟು ಹಿಂದುಸ್ಥಾನಕ್ಕೆ ಬಂದ. 1978ರ ಫೆಬ್ರುವರಿಯಲ್ಲಿ ಬಾದಾಮಿಯಲ್ಲಿದ್ದ, ಗುಡ್ಡ ಹತ್ತುತ್ತಿದ್ದ, ಮಹಾಕೂಟದ ಹೊಂಡದಲ್ಲಿ ಈಜುತ್ತಿದ್ದ. ಒಂದು ದಿನ ಬಸ್ಸು ಹಿಡಿದು ಇಳಕಲ್ಲಿಗೆ ಬಂದು ಈ ಸೀರೆ ಕೊಂಡ. ಮರುವರ್ಷ ಹಳೆಯ ಗೆಳೆಯನ ಜೊತೆ ಮತ್ತೆ ಕೂಡಿಕೊಂಡಾಗ ಇದನ್ನೇ ಹೊದ್ದು ನಿಂತ. ಆ ತಿರುಗಿದ ಹಲ್ಲು ಬ್ಯಾಂಡಿನ ಚಿಹ್ನೆಯಾಯಿತು. ತಟ್ಟೆಗಳ ಮೇಲೆ, ಅಂಗಿಗಳ ಮೇಲೆ ಅದೇ. ಅಭಿಮಾನಿಗಳು ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದಾರಂತೆ. ಅದರ ಅರ್ಥವೇನು ಎಂದು ನಲವತ್ತು ವರ್ಷದಿಂದ ವಾದ ನಡೆದಿದೆಯಂತೆ.

"ನೀವು ನೇಯ್ದದ್ದೇ? ಅದರ ಅರ್ಥ ಹೇಳುವಿರಾ?" ಎಂದು ಕೇಳಿದಳು.

ತಪ್ಪು ಎಂದು ಹೇಗೆ ಹೇಳಲಿ? ಜನ ಮೈಮೇಲೆ ಕೊರೆಸಿಕೊಂಡಿದ್ದಾರೆ. ಗಂಟಲು ಸರಿಮಾಡಿಕೊಂಡು, "ನಾ ನೇದಿದ್ದು. ಅದು ಬೇಕಂತನ ಮಾಡಿದ್ದು. ಅದು ನನ್ನ ಗುರ್ತ" ಎಂದೆ. ರೂತ್ ಕಣ್ಣೊರೆಸಿಕೊಂಡಳು. ನನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಕೇಳಿ ಬರೆದುಕೊಂಡಳು.

ಬಾಗಿಲಲ್ಲಿ ನಿಂತಿದ್ದ ಮನೆಯವಳು ಆ ಮಾತಿಗೆ ತನ್ನಷ್ಟಕ್ಕೆ ನಕ್ಕಳು. ಕುಹಕವಲ್ಲ, ತೃಪ್ತಿಯ ನಗು. ಅದಕ್ಕೇ ನನಗೆ ಇನ್ನಷ್ಟು ಹಿಡಿಸಲಿಲ್ಲ.

1978ರ ಫೆಬ್ರುವರಿಯಲ್ಲಿ ನಾನು ಎಲ್ಲಿದ್ದೆ? ಕಾಮಾಲೆ ಹತ್ತಿ ಬಾಗಲಕೋಟೆಯ ಅಕ್ಕನ ಮನೆಯಲ್ಲಿ ಎರಡು ತಿಂಗಳು ಮಲಗಿದ್ದೆ. ಆ ಓಣಿಯೇ ಈಗ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದ; ಇಲ್ಲಿ ಇದ್ದದ್ದು ಅವ್ವ, ಹಸುಗೂಸು ಮತ್ತು ಇವಳು. ಇವಳ ತವರು ಮಹಾಕೂಟಕ್ಕೆ ಕೂಗಳತೆ. ನಾನು ಹೆಚ್ಚು ಬರೆಯುವುದಿಲ್ಲ.

ಸೆಪ್ಟೆಂಬರ್ 18, ಗುರುವಾರ

ಮೂರು ದಿನದಿಂದ ಮಾತು ಕಡಿಮೆ ಮಾಡಿದ್ದೇನೆ. ಅವಳಿಗೆ ಅದು ಗೊತ್ತಾದಂತೆಯೇ ಇಲ್ಲ. ಗೊತ್ತಾಗಿಯೂ ತೋರಿಸಿಕೊಳ್ಳುತ್ತಿಲ್ಲವೋ ಏನೋ.

ಸೆಪ್ಟೆಂಬರ್ 21, ರವಿವಾರ

ಅಮಾವಾಸ್ಯೆ. ಮನೆಯವಳು ಓಣಿಯ ಹೆಂಗಸರ ಜೊತೆ ಟೆಂಪೋದಲ್ಲಿ ಮಹಾಕೂಟಕ್ಕೆ ಹೋದಳು. ಬೀಗದ ಕೈಯೂ ಸೊಂಟದಲ್ಲೇ ಹೋಯಿತು. ಆದರೆ ಟ್ರಂಕಿಗೆ ಹಿಂದುಗಡೆ ಬಿಜಾಗರಿ ಇದೆ, ಬಿಜಾಗರಿಗೆ ತಿರುಪು ಇದೆ, ನನ್ನ ಹತ್ತಿರ ಸ್ಕ್ರೂಡ್ರೈವರ್ ಇದೆ. ಎಪ್ಪತ್ತೊಂದು ವರ್ಷದ ಮನುಷ್ಯ ಹೆಂಡತಿಯ ಟ್ರಂಕನ್ನು ಬೆನ್ನ ಕಡೆಯಿಂದ ಬಿಚ್ಚುವುದು ಶೋಭೆಯಲ್ಲ. ಬಿಚ್ಚಿದೆ.

ಸೀರೆ ಅಲ್ಲೇ ಇತ್ತು. ಬೇವಿನ ಎಲೆಯ ನಡುವೆ, ಹಳೆಯ ಧೋತರದಲ್ಲಿ ಸುತ್ತಿ. ಸೆರಗು ಹರಡಿ ಎಣಿಸಿದೆ. ಏಳನೆಯ ಹಲ್ಲು ಕೆಳಮುಖ.

ಹೆಂಡತಿ ಸುಳ್ಳು ಹೇಳಿರಲಿಲ್ಲ. ನಿರಾಳವಾಗಬೇಕಿತ್ತು, ಆಗಲಿಲ್ಲ. ಸೀರೆ ಇಲ್ಲಿದ್ದರೆ ಫೋಟೋದಲ್ಲಿರುವುದು ಯಾವುದು?

ಫೋಟೋ, ಸೀರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಇದರ ಅಂಚು ಅಲ್ಲಲ್ಲಿ ಸೊಟ್ಟಗಿದೆ. ಸೆರಗು ಕೂಡಿಸಿದ ಕಡೆ ಗಂಟುಗಳು ಕೈಗೆ ಹತ್ತುತ್ತವೆ. ಹಳೆಯದಾಗಿ ಜಗ್ಗಿರಬೇಕು.

ತಿರುಪು ಮತ್ತೆ ಹಾಕಿದೆ. ಒಂದು ಪೂರ್ತಿ ಕೂರಲಿಲ್ಲ.

ಸೆಪ್ಟೆಂಬರ್ 22, ಸೋಮವಾರ

ಈಗ ನೆನಪಾಯಿತು. ಕಾಮಾಲೆ ವಾಸಿಯಾಗಿ ನಾನು ಮನೆಗೆ ಬಂದಾಗ ಮಗ್ಗ ಖಾಲಿ ಇತ್ತು. ನಾನು ಹಾಸು ಏರಿಸಿ ಹೋಗಿದ್ದ ಸೀರೆ ಎಲ್ಲಿ ಎಂದು ಕೇಳಿದರೆ, ಬಾಜೂಮನಿ ಹಣಮಪ್ಪ ನೇದು ಕೊಟ್ಟ ಎಂದಳು ಅವ್ವ. ಹಣಮಪ್ಪ ನನಗಿಂತ ನಾಲ್ಕು ವರ್ಷ ದೊಡ್ಡವನು; ಸೆರಗಿನ ಕೆಲಸದಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ಜಂಭದವನು. ಉಪಕಾರ ಎಂದು ಒಂದು ಮಾತೂ ಆಡದೆ ಸುಮ್ಮನಿದ್ದೆ. ಅವನೂ ಯಾವತ್ತೂ ಎತ್ತಲಿಲ್ಲ. ಆಗಲೇ ನನಗೆ ವಿಚಿತ್ರ ಎನಿಸಿತ್ತು. ಮಾಡಿದ ಉಪಕಾರವನ್ನು ಎತ್ತಿ ಆಡದ ಮನುಷ್ಯ ಅವನಲ್ಲ.

ಹಾಗಾದರೆ ಫೋಟೋದ ಸೀರೆ ಹಣಮಪ್ಪ ನೇಯ್ದದ್ದು. ಸರಿ. ಆದರೆ ಏಳನೆಯ ಹಲ್ಲು ಅವನಿಗೆ ಹೇಗೆ ಗೊತ್ತು? ನನ್ನ ಹೆಂಡತಿಯ ಮದುವೆ ಸೀರೆಯ ಸೆರಗನ್ನು ಹತ್ತಿರದಿಂದ, ಹಲ್ಲು ಎಣಿಸುವಷ್ಟು ಹತ್ತಿರದಿಂದ, ಅವನು ಯಾವಾಗ ನೋಡಿದ? ಯಾರು ತೋರಿಸಿದರು?

ಮಧ್ಯಾಹ್ನ ಊಟ ಸೇರಲಿಲ್ಲ. "ಯಾಕ್ರಿ, ಉಪ್ಪು ಹೆಚ್ಚಾತೇನು?" ಎಂದಳು. ಇಲ್ಲ ಎಂದೆ.

ಸೆಪ್ಟೆಂಬರ್ 28, ರವಿವಾರ

ಸುಶ್ಮಿತಾ ಪುಸ್ತಕದ ಕೊನೆಯ ಭಾಗ ಓದಿದಳು. ಮನಸ್ಸು ಸರಿಯಿರಲಿಲ್ಲ, ಆದರೂ ಕೇಳುತ್ತ ಹೋದೆ.

ನಾರ್ಮನ್ ಎರಡನೆಯ ಸಲ ಹೊರಗೆ ಬಿದ್ದ. 1983ರಲ್ಲಿ ಎರಡು ಐರನ್ ಶಟಲ್ ಆದವು. ಕ್ಲೈವನದು ಒಂದು, ನಾರ್ಮನನದು ಒಂದು. ಒಂದೇ ವಾರ ಒಂದೇ ಊರಿನಲ್ಲಿ ಎರಡರ ಪೋಸ್ಟರೂ ಹತ್ತಿದ್ದವಂತೆ. ನಮ್ಮ ಸೊಸೈಟಿ ಒಡೆದಾಗ ಎರಡು ಬೋರ್ಡು ಹಾಕಿದ ಹಾಗೆ. ಕೋರ್ಟಿನಲ್ಲಿ ಹೆಸರು ಕ್ಲೈವನಿಗೆ ಹೋಯಿತು. ನಾರ್ಮನ್ ಸಣ್ಣಪುಟ್ಟ ಊರಿನ ಕುಡಿಯುವ ಅಂಗಡಿಗಳಲ್ಲಿ ಬಾರಿಸುತ್ತ ಮುದುಕನಾದ. 2011ರಲ್ಲಿ ಹಳೆಯ ನಾಲ್ವರನ್ನೂ ಒಂದೇ ಸಂಜೆಗೆ ಕೂಡಿಸಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಆ ಧಾಟಿ ಬಾರಿಸಿ ಇಳಿದು ಹೋದರು. 2019ರಲ್ಲಿ ನಾರ್ಮನ್ ತೀರಿಕೊಂಡ. ಎರಡು ವರ್ಷದ ಮೇಲೆ ಕ್ಲೈವ್ ಪತ್ರಿಕೆಗೆ ಕಾಗದ ಬರೆದ: ಧಾಟಿ ನನ್ನದಲ್ಲ, ನಾರ್ಮನನದು, ನನಗೆ ಮೊದಲಿಂದ ಗೊತ್ತಿತ್ತು.

ನನಗೆ ಸಿಟ್ಟು ತಡೆಯಲಾಗಲಿಲ್ಲ. "ಸತ್ತ ಮ್ಯಾಲ ಹೇಳಿದ್ರ ಏನು ಬಂತು? ಅವನ ಕಿವಿಗೆ ಬಿತ್ತೇನು? ಕೈ ಒಬ್ಬಂದು, ಹೆಸರು ಒಬ್ಬಂದು. ಅಂವಾ ಕಳ್ಳ" ಎಂದೆ.

"ಅಷ್ಟ ಜೋರ ಯಾಕ ಅಜ್ಜಾ" ಎಂದಳು ಹುಡುಗಿ.

ಮನೆಯವಳು ಎದ್ದು ನೀರು ತಂದುಕೊಟ್ಟಳು. ಕೊಡುವಾಗ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

ಅಂದಹಾಗೆ ನಾನೂ ಈಗ ಪುಸ್ತಕಕ್ಕೆ ನನ್ನ ಹೆಸರು ಕೊಟ್ಟಿದ್ದೇನೆ, ಹಣಮಪ್ಪನ ಸೀರೆಗೆ. ಆದರೆ ಅದು ಬೇರೆ. ಹಾಸು ನನ್ನದು, ಮಗ್ಗ ನನ್ನದು, ಹಲ್ಲೂ ನನ್ನದೇ. ಹಣಮಪ್ಪನ ಬಾಯಿಂದ ಪೂರ್ತಿ ಕೇಳದೆ ನಾನು ಏನನ್ನೂ ಬದಲಿಸುವುದಿಲ್ಲ.

ಅಕ್ಟೋಬರ್ 2, ಗುರುವಾರ, ದಸರಾ

ಹಣಮಪ್ಪ ಈಗ ಹುನಗುಂದದಲ್ಲಿ ಮಗಳ ಮನೆಯಲ್ಲಿದ್ದಾನೆ. ಬನ್ನಿ ಕೊಡುವ ನೆಪ ಮಾಡಿಕೊಂಡು ಮೂರು ಗಂಟೆಯ ಬಸ್ಸಿಗೆ ಹೋದೆ. ಈ ದಿನ ಬನ್ನಿ ಎಲೆ ಹಿಡಿದು ಹೋದವನನ್ನು ಯಾರೂ ಬಾಗಿಲಲ್ಲಿ ನಿಲ್ಲಿಸುವುದಿಲ್ಲ, ಎಂಥ ಹಗೆಯಿದ್ದರೂ.

ಕಟ್ಟೆಯ ಮೇಲೆ ಕೂತಿದ್ದ. ಕಣ್ಣು ಮಂಜಾಗಿದೆ, ದನಿಯಿಂದ ಗುರುತು ಹಿಡಿದ. ಎಲೆ ಕೊಟ್ಟೆ.

"ಬನ್ನಿ ತೊಗೊಂಡು ಬಂಗಾರದಾಂಗ ಇರೂಣು" ಎಂದ. "ಎಷ್ಟು ವರ್ಷ ಆತಲೇ ಶಿವಲಿಂಗಾ ನೀ ನನಗ ಬನ್ನಿ ಕೊಟ್ಟು."

ಸುತ್ತಿ ಬಳಸಲು ನನಗೆ ತಾಳ್ಮೆ ಇರಲಿಲ್ಲ. "ಎಪ್ಪತ್ತೆಂಟರಾಗ ನಾ ಕಾಮಾಲಿಬ್ಯಾನ್ಯಾಗ ಇದ್ದಾಗ ನನ್ನ ಮಗ್ಗದ ಮ್ಯಾಲಿನ ಸೀರಿ ನೀ ನೇದಿದ್ದಿ ಅಲ್ಲ" ಎಂದೆ.

"ಯಾರು, ನಾನು?"

"ನಮ್ಮವ್ವ ಹಂಗ ಹೇಳಿದ್ಲು."

ಅವನಿಗೆ ನಗು ಬಂದು ಕೆಮ್ಮು ಹತ್ತಿತು. ಮಗಳು ಓಡಿ ಬಂದು ಬೆನ್ನು ತಟ್ಟಿದಳು. ಸುಧಾರಿಸಿಕೊಂಡು ಹೇಳಿದ: "ನಿನ್ನ ಮಗ್ಗದ ಕುಣ್ಯಾಗ ನಾ ಯಾವತ್ತೂ ಕಾಲ ಇಟ್ಟಿಲ್ಲಲೇ. ಅಲ್ಲಿ ಕುಂತಾಕಿ ನಿನ್ನ ಹೇಣ್ತಿ. ಮುಂಜಾನಿ ಕೂಸಿಗೆ ಹಾಲು ಕುಡಿಸಿ ಕುಂತ್ಲಂದ್ರ ಸಂಜಿತನಾ ಸಪ್ಪಳ. ಮದಲ ನಾಕು ದಿನಾ ತಡದು ತಡದು ಬರ್ತಿತ್ತು. ಆಮ್ಯಾಲ ಒಂದ ಸಮ. ಓಣ್ಯಾಗ ನಾವೆಲ್ಲಾ ಲಾಳಿ ನಿಲ್ಲಿಸಿ ಕೇಳೀವಿ. ಸೀರಿ ಇಳಿಸಿದಾಗ ನಿಮ್ಮವ್ವ ಬಾಗಲ ಮುಂದ ಹಿಡದು ತೋರಿಸಿದ್ಲು. ನನ್ನಿಂದ ಅಂಥಾ ಸೆರಗ ಆಗೂದಿಲ್ಲಲೇ, ಈಗ ಹೇಳತೇನಿ ನೋಡು."

ಇದು ಹಣಮಪ್ಪ ಹೇಳಿದ ಮಾತು.

"ನನಗ್ಯಾಕ ಯಾರೂ ಹೇಳಲಿಲ್ಲ?"

"ಹೇಳಿದ್ರ ನೀ ಏನಂತಿದ್ದಿ? ನನ್ನ ಹೇಣ್ತಿ ನೇಯೂದನ್ನ ನೀವ್ಯಾಕ ನೋಡಾಕ ಹೋಗಿದ್ರಿ ಅಂತ ನಮ್ಮನ್ನ ಹಿಡಿತಿದ್ದಿ."

ನಾನು ಇಂದು ಅವನ ಮನೆಗೆ ಹೋದದ್ದೇ ಹಾಗೆ ಹಿಡಿದು ಕೇಳಲು. ಬಸ್ಸಿನಲ್ಲಿ ಬರುವಾಗ ಕಿಸೆಯಲ್ಲಿ ಅವನು ಕೊಟ್ಟ ಬನ್ನಿ ಎಲೆ ಇತ್ತು. ಮನೆಗೆ ಬಂದು ಹೆಂಡತಿ ದುರ್ಗವ್ವನಿಗೆ ಕೊಟ್ಟೆ. "ಹುನಗುಂದಕ್ಕ ಹೋಗಿದ್ರೇನು" ಎಂದು ಮಾತ್ರ ಕೇಳಿದಳು.

ಅಕ್ಟೋಬರ್ 3, ಶುಕ್ರವಾರ

ಬರೆಯುವಂಥದ್ದು ಏನೂ ಇಲ್ಲ. ಚಹಾ ನಾನೇ ಮಾಡಿದೆ.

ಅಕ್ಟೋಬರ್ 5, ರವಿವಾರ

ದುರ್ಗವ್ವ ಪಡಸಾಲೆಯಲ್ಲಿ ಕೂತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಎದುರಿಗೆ ಕೂತೆ. ನಾನೂ ಎರಡು ಬತ್ತಿ ಹೊಸೆದೆ, ಸರಿಯಾಗಲಿಲ್ಲ.

"ಎಪ್ಪತ್ತೆಂಟರ ಸೀರಿ ನೀ ನೇದಿದ್ದಂತಲ್ಲ" ಎಂದೆ.

"ಹಣಮಪ್ಪ ಕಾಕಾ ಹೇಳಿದ್ರೇನು? ಹೌದ್ರಿ." ಕೈ ನಿಲ್ಲಿಸಲಿಲ್ಲ. "ಖಲೀಲನ ಅಪ್ಪ ದಿನಾ ಬಂದು ಸೀರಿ ಕೇಳ್ತಿದ್ದ. ಅತ್ತಿ ಅಂದ್ರು, ನೀ ಕುಂದರು, ಅಂವಗ ಹೇಳೂದು ಬ್ಯಾಡ, ಮದಲ ಜಡ್ಡಿನ ಮನಷ್ಯಾ. ನಾ ನಿಮ್ಮ ಕೈ ನೋಡಿ ಕಲ್ತಿದ್ದೆ. ಸೆರಗ ಮಾತ್ರ ತಿಳಿಲಿಲ್ಲ. ಮದಿವಿ ಸೀರಿ ಮುಂದ ಹಾಸಿಕೊಂಡು ಒಂದೊಂದ ಹಲ್ಲು ಎಣಿಸಿ ಎಣಿಸಿ ನೇದೆ. ಏಳನೇದು ಕೆಳಗ ಮಾರಿ ಮಾಡಿತ್ತು. ಇದೇನಿದು ಅನ್ನಿಸ್ತು. ಆಮ್ಯಾಲ ಅಂದಕೊಂಡೆ, ಇವರು ಇಷ್ಟು ಜ್ವಾಕಿ ಮನಷ್ಯಾ, ಸುಮ್ಮ ಮಾಡಿರೂದಿಲ್ಲ, ಇದು ಇವರ ಗುರ್ತ ಇರಬೇಕು. ನಿಮ್ಮ ಸೀರಿ ಅಂತ ಹೋಗೂದು, ನಿಮ್ಮ ಗುರ್ತ ಬ್ಯಾಡೇನು? ಅದನ್ನೂ ಹಂಗ ನೇದೆ. ಮನ್ನೆ ಆ ರೂತ್ ಬಾಯಿಗೆ ನೀವೂ ಹಂಗ ಅಂದ್ರಲ್ಲ, ಗುರ್ತ ಅಂತ. ನಾ ತಿಳಿದದ್ದು ಖರೆ ಆತು ಅಂತ ಖುಷಿ ಆತು."

ಬಾಗಿಲಲ್ಲಿ ನಿಂತು ನಕ್ಕದ್ದು ಅದಕ್ಕೆ. ಅದು ತಪ್ಪು ಎಂದು ಆಗಲೇ ಹೇಳಬೇಕಿತ್ತು, ಹೇಳಲಿಲ್ಲ.

"ಇಷ್ಟ ವರ್ಷ ನನಗ್ಯಾಕ ಹೇಳಲಿಲ್ಲ?"

"ಕೇಳಿದ್ರ ಹೇಳ್ತಿದ್ದೆ. ನೀವು ಯಾವತ್ತೂ ಕೇಳೂದಿಲ್ಲ, ಸಂಶೆ ಪಡ್ತೀರಿ."

"ಆಮ್ಯಾಲ ಯಾಕ ನೇಯಲಿಲ್ಲ ಮತ್ತ?"

"ನೀವು ಬಂದ್ರಿ, ಮಗ್ಗದಾಗ ಕುಂತ್ರಿ. ಕುಣಿ ಒಂದ ಇತ್ತಲ್ರಿ."

ಇದನ್ನು ಅವಳು ದೂರುವ ಹಾಗೆ ಹೇಳಲಿಲ್ಲ. ಬತ್ತಿಗಳನ್ನು ಡಬ್ಬಿಗೆ ಹಾಕಿ ಎದ್ದಳು. ಒಳಗೆ ಹೋಗುವಾಗ, "ಟ್ರಂಕಿನ ಬಿಜಾಗರಿ ತಿರುಪು ಒಂದು ಸಡ್ಲ ಐತಿ. ಬಿಗಿ ಮಾಡಿಬಿಡ್ರಿ" ಎಂದಳು.

ನಲವತ್ತೇಳು ವರ್ಷ ಆ ಕೈ ನನ್ನ ಪಕ್ಕದಲ್ಲಿ ಕೂತು ನೂಲು ಸುತ್ತಿತು. ನನಗೆ ಬಹಳ ಕೆಟ್ಟದೆನಿಸುತ್ತಿದೆ. ಕ್ಲೈವನನ್ನು ಕಳ್ಳ ಎಂದೆ. ಅವನು ಎರಡು ವರ್ಷ ತಡ ಮಾಡಿದ. ನನಗೆ ಇನ್ನೂ ಐದು ದಿನವಿದೆ.

ಅಕ್ಟೋಬರ್ 9, ಗುರುವಾರ

ಸುಶ್ಮಿತಾ ರಜೆ ಹಾಕಿ ಬಂದಳು. ಖಲೀಲನನ್ನೂ ಕರೆಸಿದೆ. ಅವನು ರೂತ್‌ಗೆ ಬರೆದ ಕಾಗದವನ್ನು ಮೊನ್ನೆ ಸುಶ್ಮಿತಾ ಓದಿ ಹೇಳಿದ್ದಳು; ಮೊದಲ ದಿನದಿಂದ ಅವನು ನಮ್ಮ ಮನೆಯ ಹೆಸರನ್ನೇ ಹೇಳಿದ್ದಾನೆ. ಇಂದು ಚಹಾ ಕುಡಿದ. ಅಂದು ಈದ್ ಮಿಲಾದಿನ ಉಪವಾಸ ಇತ್ತೇನೋ, ನಾನು ಕೇಳಿರಲಿಲ್ಲ.

ದುರ್ಗವ್ವನನ್ನು ಮೊಬೈಲಿನ ಎದುರಿಗೆ ಕೂರಿಸಿ, ನಾನು ಪಕ್ಕದಲ್ಲಿ ಕೂತೆ. ರೂತ್ ಬಂದಳು. ಹೇಳಬೇಕಾದುದನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆ. ಕನ್ನಡಕ ಮಂಜಾಗಿ ಓದಲಾಗಲಿಲ್ಲ, ಬಾಯಿಗೆ ಬಂದಂತೆ ಹೇಳಿದೆ.

"ಆವತ್ತು ನಾ ಹೇಳಿದ್ದು ಖರೆ ಅಲ್ಲ ಅಂತ ಹೇಳು. ಸೀರಿ ನಾ ನೇದಿಲ್ಲ. ಈಕಿ ನೇದಾಕಿ. ದುರ್ಗವ್ವ. ಈಕಿ ಹೆಸರ ಹಾಕಬೇಕು."

ಸುಶ್ಮಿತಾ ಹೇಳಿದಳು. ರೂತ್ ನನ್ನ ಹೆಸರು ಹೊಡೆದು ದುರ್ಗವ್ವನ ಹೆಸರು ಬರೆದುಕೊಂಡಳು. ಆಮೇಲೆ ತನ್ನ ಅಜ್ಜಿಯ ಬಗ್ಗೆ ಏನೋ ಹೇಳಿದಳು, ಗಿರಣಿಯ ಮಗ್ಗದ ಮುಂದೆ ನಿಲ್ಲುತ್ತಿದ್ದ ಆ ಅಜ್ಜಿ. ದುರ್ಗವ್ವ ತಲೆಯಾಡಿಸಿದಳು. "ಆ ಹಾಡಿನ್ಯಾಗ ಮಗ್ಗದ ಸಪ್ಪಳ ಐತಿ ಅಂತ ಹೇಳವ್ವಾ. ನನ್ನ ಕಾಲಿಗೆ ಗೊತ್ತಾತು" ಎಂದಳು.

ಆಗ ರೂತ್ ಕೇಳಿದಳು: "ಹಾಗಾದರೆ ಆ ತಿರುಗಿದ ಹಲ್ಲು? ಅದು ಯಾರ ಗುರುತು?"

ಎಲ್ಲರೂ ನನ್ನ ಕಡೆ ನೋಡಿದರು. ಮದುವೆ ಸೀರೆ ದುರ್ಗವ್ವನ ಮಡಿಲಲ್ಲಿತ್ತು. ತೋರಿಸಲೆಂದು ಅವಳೇ ತೆಗೆದುಕೊಂಡು ಬಂದಿದ್ದಳು. ನಾನು ಮೊಬೈಲಿಗೆ ಹೇಳಲಿಲ್ಲ, ಅವಳಿಗೇ ಹೇಳಿದೆ.

"ಅದು ಗುರ್ತ ಅಲ್ಲ. ತಪ್ಪು. ನಿನ್ನ ಸೀರಿ ನೇಯೂವಾಗ ನನ್ನ ಲಕ್ಷ್ಯ ತಪ್ಪಿತ್ತು. ಬಿಚ್ಚೂದು ಬ್ಯಾಡಂತ ಬಿಟ್ಟೆ. ಯಾರಿಗೂ ಹೇಳಿಲ್ಲ."

ದುರ್ಗವ್ವ ಸೆರಗು ಹರಡಿದಳು. ಏಳನೆಯ ಹಲ್ಲಿನ ಮೇಲೆ ಬೆರಳಿಟ್ಟಳು.

"ತಪ್ಪೇನ್ರಿ ಇದು?"

"ಹೌದು."

"ನಾ ಇದಕ್ಕ ಒಂದು ದಿನಾ ಕುಂತೇನಲ್ರಿ. ಎರಡ ಸಲ ಬಿಚ್ಚಿ ನೇದೇನಿ, ಬರೋಬ್ಬರಿ ಬರಲಿ ಅಂತ."

ಅವಳಿಗೆ ನಗು ಬಂತು. ಮೊದಲು ಸದ್ದಿಲ್ಲದೆ, ಆಮೇಲೆ ಮೈ ಕುಲುಕುವ ಹಾಗೆ. ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಮತ್ತೆ ನಕ್ಕಳು. ಇಷ್ಟು ವರ್ಷದಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಅಥವಾ ನೋಡಿ, ಯಾಕೆ ನಗುತ್ತಿದ್ದಾಳೆ ಎಂದು ಯೋಚಿಸುತ್ತ ಕೂತಿದ್ದೆನೋ ಏನೋ. ಅತ್ತ ರೂತ್‌ಗೆ ಏನೂ ತಿಳಿಯದಿದ್ದರೂ ಅವಳೂ ನಗತೊಡಗಿದಳು. ಪುಸ್ತಕದಲ್ಲಿ ಏನೆಂದು ಬರೆಯಲಿ ಎಂದು ಕೇಳಿದಳು.

ಸುಶ್ಮಿತಾ ನನ್ನನ್ನು ನೋಡಿದಳು. ನಾನು ದುರ್ಗವ್ವನ ಕಡೆ ತೋರಿಸಿದೆ.

ಅವಳು ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ಮೊಬೈಲಿನ ಹತ್ತಿರ ಬಾಗಿದಳು.

"ತಪ್ಪು ಇವರದು, ಸೀರಿ ನಂದು. ಹಂಗ ಬರಿ ಅಂತ ಹೇಳವ್ವಾ."